ಬೆಟ್ಟಗಳಲ್ಲಿ ಕಾಣೆಯಾಗುವ ವಿಮಾನಗಳು
(ಉಪನ್ಯಾಸದ ಬರಹರೂಪ)



2019ರ ಜೂನ್ 3ರಂದು ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಅಸ್ಸಾಮಿನ ಜೋರ್ಹಾಟ್‌ನಿಂದ ವಾಯುಪಡೆಯ ಒಂದು ಎಎನ್-32 ವಿಮಾನ ಹೊರಟಿತು. ಅದು ಹೋಗಬೇಕಾಗಿದ್ದುದು ಅರುಣಾಚಲ ಪ್ರದೇಶದ ಮೆಚುಕಾಕ್ಕೆ. ಟಿಬೆಟ್ಟಿನ ಗಡಿಗೆ ಸಮೀಪದ ಕಣಿವೆಯೂರು ಅದು. ಸುತ್ತಲೂ ಬೆಟ್ಟ, ನಡುವೆ ಚಿಕ್ಕದೊಂದು ಇಳಿದಾಣ. ವಿಮಾನದಲ್ಲಿ 13 ಮಂದಿ ಇದ್ದರು. ಒಂದು ಗಂಟೆಯ ಹೊತ್ತಿಗೆ ಅದರೊಂದಿಗಿನ ಸಂಪರ್ಕ ಕಡಿದುಹೋಯಿತು. ಮೆಚುಕಾದಲ್ಲಿ ಕಾಯುತ್ತಿದ್ದವರಿಗೆ ಎಂಜಿನ್ನಿನ ಸದ್ದು ಕೇಳಿಸಲೇ ಇಲ್ಲ.

ಹುಡುಕಾಟಕ್ಕೆ ಇಳಿದ ಪಡೆ ಸಾಮಾನ್ಯವಾದುದಲ್ಲ. ಸುಖೋಯ್ ಯುದ್ಧವಿಮಾನಗಳು, ಸಿ-130 ಸಾಗಣೆ ವಿಮಾನ, ನೌಕಾಪಡೆಯ ಪಿ-8ಐ, ಹಲವು ಹೆಲಿಕಾಪ್ಟರುಗಳು ಆ ಕಣಿವೆಗಳ ಮೇಲೆ ಹಾರಾಡಿದವು. ಇಸ್ರೋದ ಉಪಗ್ರಹಗಳು ಚಿತ್ರ ತೆಗೆದವು. ಸೈನಿಕರು, ಪೊಲೀಸರು, ಊರಿನವರು ಕಾಲ್ನಡಿಗೆಯಲ್ಲಿ ಕಾಡು ಹೊಕ್ಕರು. ಸುಳಿವು ಕೊಟ್ಟವರಿಗೆ 5 ಲಕ್ಷ ರೂಪಾಯಿ ಬಹುಮಾನವೆಂದು ವಾಯುಪಡೆ ಸಾರಿತು. ಜೂನ್ 11ರಂದು ಮಿ-17 ಹೆಲಿಕಾಪ್ಟರ್ ಒಂದರಲ್ಲಿದ್ದವರಿಗೆ ಲಿಪೋ ಗ್ರಾಮದಿಂದ ಉತ್ತರಕ್ಕೆ 16 ಕಿ.ಮೀ. ದೂರದಲ್ಲಿ, ಸುಮಾರು 12,000 ಅಡಿ ಎತ್ತರದ ಇಳಿಜಾರಿನಲ್ಲಿ, ಸುಟ್ಟು ಕರಿದಾದ ಮರಗಳ ನಡುವೆ ಅವಶೇಷ ಕಂಡಿತು.

ಕಂಡಿತೆಂದ ಮಾತ್ರಕ್ಕೆ ಕೈಗೆ ಸಿಕ್ಕಿತೆಂದಲ್ಲ. ಅಲ್ಲಿ ಹೆಲಿಕಾಪ್ಟರು ಇಳಿಯುವಷ್ಟು ಸಮನೆಲವಿರಲಿಲ್ಲ. ಮರುದಿನ ತಂಡವೊಂದನ್ನು ಸಮೀಪದಲ್ಲಿ ಇಳಿಸಲಾಯಿತು. ಅದರಲ್ಲಿ ಎಂಟು ಮಂದಿ ಜೂನ್ 13ರ ಬೆಳಿಗ್ಗೆ ಸ್ಥಳ ತಲುಪಿದರು. ಯಾರೂ ಬದುಕಿ ಉಳಿದಿರಲಿಲ್ಲ. ದೇಹಗಳನ್ನು ತರುವುದಕ್ಕೆ ಜೂನ್ 20 ಬರಬೇಕಾಯಿತು. ಆಮೇಲೂ ಮಳೆಮೋಡ ಬಿಡದೆ, ಶೋಧಕ್ಕೆ ಹೋದವರೇ ಬೆಟ್ಟದ ಮೇಲೆ ಸಿಲುಕಿ, ತಿಂಗಳ ಕೊನೆಗೆ ಕೆಳಗಿಳಿದರು. ಹತ್ತು ವರ್ಷಗಳ ಹಿಂದೆ, 2009ರ ಜೂನ್‌ನಲ್ಲಿ, ಇದೇ ಮೆಚುಕಾದಿಂದ ಮರಳುತ್ತಿದ್ದ ಇನ್ನೊಂದು ಎಎನ್-32 ಹೇಯೋ ಗ್ರಾಮದ ಮೇಲಿನ ಬೆಟ್ಟಕ್ಕೆ ಬಡಿದಿತ್ತು. ಅದರಲ್ಲಿ ಅಳಿದವರೂ 13 ಮಂದಿಯೇ.

ಇಂಥ ಘಟನೆ ನಡೆದಾಗಲೆಲ್ಲ ‘ಪೂರ್ವದ ಬರ್ಮುಡಾ ತ್ರಿಕೋನ’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಿಗೂಢತೆಯ ಕಥೆ ಬಲು ಅಗ್ಗ. ಒಂದು ಕಣಿವೆಯಲ್ಲಿ ಹವಾಮಾನ ಮಾಪಕವೊಂದನ್ನು ನಿಲ್ಲಿಸಿ ವರ್ಷಗಟ್ಟಲೆ ಅದರ ನಿಗಾ ನೋಡುವುದು ದುಬಾರಿ. ಆ ಬೆಟ್ಟಗಳಲ್ಲಿ ನಿಗೂಢವಾದುದು ಏನೂ ಇಲ್ಲ. ಇರುವುದು ಗಾಳಿ, ಮೋಡ, ಕಡಿದಾದ ನೆಲ ಮತ್ತು ಮನುಷ್ಯನ ಅವಸರ.

ದೊಡ್ಡ ಪ್ರಯಾಣಿಕ ವಿಮಾನಗಳು ಮೂವತ್ತು ಸಾವಿರ ಅಡಿಗೂ ಮೇಲೆ ಸಾಗುತ್ತವೆ. ಬೆಟ್ಟ ಅವಕ್ಕೆ ಕಿಟಕಿಯ ಕೆಳಗಿನ ನೋಟ ಮಾತ್ರ. ಸಣ್ಣ ವಿಮಾನಗಳು ಹಾಗಲ್ಲ. ಬೆಟ್ಟದ ಊರುಗಳಿಗೆ ಅಕ್ಕಿ, ಔಷಧ, ರೋಗಿ, ಬಸುರಿ, ಸೈನಿಕ ಎಲ್ಲರನ್ನೂ ಹೊರುವ ಈ ವಿಮಾನಗಳು ಶಿಖರಗಳ ಮೇಲಲ್ಲ, ಶಿಖರಗಳ ನಡುವೆ ಹಾರುತ್ತವೆ. ಹೊಳೆ ಹರಿದ ದಾರಿಯೇ ಅವುಗಳ ದಾರಿ. ಎಡಕ್ಕೂ ಬಲಕ್ಕೂ ಗೋಡೆ. ಮುಂದಿನ ತಿರುವಿನಾಚೆ ಮೋಡ ಇಳಿದಿದೆಯೋ ಇಲ್ಲವೋ ತಿರುಗಿ ನೋಡಿದ ಮೇಲೆಯೇ ತಿಳಿಯುವುದು. ಆಷಾಢದಲ್ಲಿ ಆಗುಂಬೆಯ ಘಟ್ಟ ಇಳಿಯುವ ಬಸ್ಸಿನ ಚಾಲಕ ಹಗಲಲ್ಲೇ ದೀಪ ಹಚ್ಚಿಕೊಳ್ಳುತ್ತಾನೆ. ದಾರಿಯೇ ಕಾಣದಷ್ಟು ಮಂಜು ಕವಿದರೆ ಬದಿಗೆ ನಿಲ್ಲಿಸಿ ಕಾಯುತ್ತಾನೆ. ವಿಮಾನಕ್ಕೆ ನಿಂತು ಕಾಯುವ ಭಾಗ್ಯವಿಲ್ಲ. ಮೋಡ ಹೊಕ್ಕ ಮೇಲೆ ಮುಂದೆ ಹೋಗಬೇಕು, ಇಲ್ಲವೆ ಗೋಡೆಗಳ ನಡುವೆ ಕಣ್ಣು ಕಟ್ಟಿದಂತೆ ತಿರುಗಬೇಕು.

ಗಾಳಿಯ ಮಾತು ಇನ್ನೂ ಸೂಕ್ಷ್ಮವಾದುದು. ನೇಪಾಳದ ಪೋಖರಾದಿಂದ ಜೋಮ್‌ಸೋಮ್‌ಗೆ ವಿಮಾನದಲ್ಲಿ ಇಪ್ಪತ್ತು ನಿಮಿಷದ ಹಾದಿ. ಒಂದು ಬದಿಗೆ 8,167 ಮೀಟರಿನ ಧವಳಗಿರಿ, ಇನ್ನೊಂದು ಬದಿಗೆ 8,091 ಮೀಟರಿನ ಅನ್ನಪೂರ್ಣ, ನಡುವೆ ಕಾಳಿ ಗಂಡಕಿಯ ಕಮರಿ. ಹೊತ್ತೇರಿದಂತೆ ಮೇಲಿನ ಮುಸ್ತಾಂಗ್‌ನ ಬಯಲು ಕಾಯುತ್ತದೆ, ಅಲ್ಲಿನ ಗಾಳಿ ಮೇಲೇರುತ್ತದೆ, ಆ ತೆರಪು ತುಂಬಲು ಕೆಳಗಿನ ಗಾಳಿಯೆಲ್ಲ ಕಮರಿಯ ಕೊಳವೆಯೊಳಗೆ ನುಗ್ಗುತ್ತದೆ. ಆದ್ದರಿಂದಲೇ ಅಲ್ಲಿ ವಿಮಾನಗಳು ಹಾರುವುದು ಬೆಳಗಿನ ಹೊತ್ತಿನಲ್ಲಿ. 2022ರ ಮೇ 29ರಂದು 22 ಮಂದಿಯನ್ನು ಹೊತ್ತ ಟ್ವಿನ್ ಆಟರ್ ವಿಮಾನವೊಂದು ಈ ದಾರಿಯಲ್ಲಿ ಕಾಣೆಯಾಯಿತು. ಅವರಲ್ಲಿ ನಾಲ್ವರು ಭಾರತೀಯರು. ನೆಲ ಹತ್ತಿರವಾದಾಗ ಕೂಗಿ ಎಚ್ಚರಿಸುವ ಯಂತ್ರ ಆ ವಿಮಾನದಲ್ಲಿತ್ತು. ಅದನ್ನು ಸುಮ್ಮನಾಗಿಸಲಾಗಿತ್ತೆಂದು ತನಿಖೆ ಹೇಳಿತು. ಕೇಳಿದವರು ಚಾಲಕರನ್ನು ಬೈಯಬಹುದು. ಆದರೆ ಎರಡೂ ಬದಿ ಬೆಟ್ಟವಿರುವ ಕಮರಿಯಲ್ಲಿ ಆ ಯಂತ್ರ ಹಾದಿಯುದ್ದಕ್ಕೂ ಕೂಗುತ್ತಲೇ ಇರುತ್ತದೆ. ದಿನವೂ ಸುಳ್ಳು ಕೂಗು ಕೇಳಿದವನು ಅದನ್ನು ಬಂದ್ ಮಾಡಿ ಹಾರುವ ರೂಢಿಗೆ ಬೀಳುತ್ತಾನೆ. ಬಯಲುನಾಡಿಗೆ ಮಾಡಿದ ಯಂತ್ರ ಬೆಟ್ಟಕ್ಕೆ ಹೊಂದದಿದ್ದಾಗ ಆಗುವುದು ಇದೇ.

ಬೆಟ್ಟದ ಗಾಳಿಗೆ ಇನ್ನೊಂದು ಗುಣವುಂಟು. ದಿಣ್ಣೆಯ ಗಾಳಿಬದಿಯಲ್ಲಿ ಮೇಲೇರಿದ ಗಾಳಿ ಮರೆಬದಿಯಲ್ಲಿ ಅಬ್ಬಿಯ ನೀರಿನಂತೆ ಕೆಳಕ್ಕೆ ಧುಮುಕುತ್ತದೆ. ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ಎಂಜಿನ್ನಿಗೂ ರೆಕ್ಕೆಗೂ ಬಲ ಕಡಿಮೆ. ಬಲೂನಿನಲ್ಲಿ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿಬಂದ ಮೊದಲಿಗ, ಅಮೆರಿಕದ ಸ್ಟೀವ್ ಫಾಸೆಟ್, 2007ರ ಸೆಪ್ಟೆಂಬರ್ 3ರಂದು ನೆವಾಡಾದಿಂದ ಪುಟ್ಟ ವಿಮಾನದಲ್ಲಿ ಹೊರಟವರು ಮರಳಲಿಲ್ಲ. ಅವರ ವಿಮಾನದ ಏರುಬಲಕ್ಕಿಂತ ಗಾಳಿಯ ಇಳಿಬಲ ಹೆಚ್ಚಾಗಿತ್ತೆಂದು ತನಿಖೆ ನಿರ್ಧರಿಸಿತು. ಅವರನ್ನು ಹುಡುಕಲು ಸಾವಿರಾರು ಮಂದಿ ಮನೆಯಲ್ಲಿ ಕುಳಿತು ಉಪಗ್ರಹ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಿದರು. ಹುಡುಕುವಾಗ, ಹಿಂದೆಂದೋ ಬಿದ್ದು ಯಾರ ಕಣ್ಣಿಗೂ ಬೀಳದಿದ್ದ ಬೇರೆ ವಿಮಾನಗಳ ಅವಶೇಷಗಳು ಸಿಕ್ಕವು, ಫಾಸೆಟ್ ಸಿಗಲಿಲ್ಲ. ವರ್ಷ ಕಳೆದ ಮೇಲೆ ಕ್ಯಾಲಿಫೋರ್ನಿಯಾದ ಮ್ಯಾಮತ್ ಲೇಕ್ಸ್ ಬಳಿಯ ಬೆಟ್ಟದಲ್ಲಿ ನಡೆಯುತ್ತಿದ್ದ ಚಾರಣಿಗನೊಬ್ಬನ ಕಾಲ ಬಳಿ ಅವರ ಗುರುತಿನ ಚೀಟಿಗಳು ಬಿದ್ದಿದ್ದವು.

ಈಗ ಹುಡುಕುವ ಕೆಲಸದ ಮಾತಿಗೆ ಬರಬೇಕು. ಮೇಯಲು ಬಿಟ್ಟ ದನ ಸಂಜೆಗೆ ಕೊಟ್ಟಿಗೆಗೆ ಬಾರದಿದ್ದರೆ ಮಲೆನಾಡಿನ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ ಎರಡು: ಕಡೆಗೆ ಕಂಡವರಾರು, ದೊಂಟೆಯ ಸದ್ದು ಯಾವ ಕಡೆ ಕೇಳಿತು. ಕೊರಳಿಗೆ ಕಟ್ಟಿದ ಆ ಮರದ ಗಂಟೆ ಇರುವುದೇ ಮರೆಯಾದದ್ದನ್ನು ಹುಡುಕುವುದಕ್ಕಾಗಿ. ವಿಮಾನಗಳಿಗೂ ಅಂಥ ದೊಂಟೆಯೊಂದನ್ನು ಕಟ್ಟಿದ್ದಾರೆ. ಬಲವಾಗಿ ಬಡಿದೊಡನೆ ತಾನಾಗಿ ಎಚ್ಚೆತ್ತು ರೇಡಿಯೋ ಸಂಕೇತ ಹೊರಡಿಸುವ ಚಿಕ್ಕ ಪೆಟ್ಟಿಗೆ ಅದು. ಇಂದಿನ ಪೆಟ್ಟಿಗೆಗಳ ಕೂಗು 406 ಮೆಗಾಹರ್ಟ್ಸ್‌ನಲ್ಲಿ ಹೊರಡುತ್ತದೆ. ಅದನ್ನು ಉಪಗ್ರಹಗಳು ಕೇಳಿಸಿಕೊಂಡು ಭೂಮಿಗೆ ತಿಳಿಸುತ್ತವೆ. ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ನಾಲ್ಕೂ ಸೇರಿ ಕಟ್ಟಿದ ವ್ಯವಸ್ಥೆಯಿದು, ಹೆಸರು ಕೋಸ್ಪಾಸ್-ಸಾರ್ಸಾಟ್. ಶೀತಲ ಸಮರದ ದಿನಗಳಲ್ಲಿ ಬದ್ಧವೈರಿಗಳಿಬ್ಬರು ಕೂಡಿ ಮಾಡಿದ ಅಪರೂಪದ ಒಳ್ಳೆಯ ಕೆಲಸ. 1982ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಾಡಿನಲ್ಲಿ ಬಿದ್ದ ಪುಟ್ಟ ವಿಮಾನದ ಕೂಗನ್ನು ಸೋವಿಯತ್ ಉಪಗ್ರಹ ಕೇಳಿಸಿಕೊಂಡಿತು, ಮೂವರು ಬದುಕಿದರು. ಆ ಮೂವರೂ ಕಾಣೆಯಾದ ಇನ್ನೊಂದು ವಿಮಾನವನ್ನು ಹುಡುಕಲು ಹೋಗಿದ್ದವರು. ಭಾರತದಲ್ಲಿ ಇಂಥ ಕೂಗು ಬಂದು ಸೇರುವ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಇಸ್ರೋದಲ್ಲಿ ಎಂಬುದು ಇಲ್ಲಿನ ವಿದ್ಯಾರ್ಥಿಗಳಿಗೆ ತಿಳಿದಿರಲಿ.

ಆದರೆ ದೊಂಟೆ ಒಡೆಯುತ್ತದೆ. ವಿಮಾನ ಬಂಡೆಗೆ ಅಪ್ಪಳಿಸಿದಾಗ ಪೆಟ್ಟಿಗೆ ಉಳಿದರೂ ಅದರ ಆಂಟೆನಾ ಕಿತ್ತುಹೋಗುತ್ತದೆ. ಬೆಂಕಿಯಲ್ಲಿ ಬೇಯುತ್ತದೆ. ಹಿಮದಡಿ, ಕಮರಿಯ ತಳದಲ್ಲಿ ಬಿದ್ದರೆ ಬೆಟ್ಟಗಳೇ ಅದರ ಕೂಗನ್ನು ತಡೆಯುತ್ತವೆ. ಹಳೆಯ ಬಗೆಯ ಪೆಟ್ಟಿಗೆಗಳು ಕೂಗುತ್ತಿದ್ದ 121.5 ಮೆಗಾಹರ್ಟ್ಸ್ ಅನ್ನು ಉಪಗ್ರಹಗಳು 2009ರ ಫೆಬ್ರುವರಿ 1ರಿಂದ ಆಲಿಸುವುದನ್ನೇ ನಿಲ್ಲಿಸಿವೆ. 2019ರಲ್ಲಿ ಮೆಚುಕಾದ ಹಾದಿಯಲ್ಲಿ ಬಿದ್ದ ವಿಮಾನದಿಂದ ಪ್ರಯೋಜನಕ್ಕೆ ಬರುವಂಥ ಸಂಕೇತವೇನೂ ಬರಲಿಲ್ಲ.

ಕೂಗಿಲ್ಲದಿದ್ದರೆ ಉಳಿಯುವುದು ಕಣ್ಣು. ಮೇಲಿನಿಂದ ನೋಡುವ ಕಣ್ಣಿಗೆ ಬೆಟ್ಟ ಬಹಳ ಮೋಸ ಮಾಡುತ್ತದೆ. ಮುರಿದ ರೆಕ್ಕೆಯ ತುಂಡು ಹಿಮದ ತೇಪೆಯಂತೆಯೋ ನೀರು ಹರಿದ ಬಂಡೆಯಂತೆಯೋ ಮಿನುಗುತ್ತದೆ. ಮಳೆಕಾಡಿನಲ್ಲಿ ಬಿದ್ದ ಪುಟ್ಟ ವಿಮಾನ ಮರಗಳ ನೆತ್ತಿಯಲ್ಲಿ ಒಂದು ಸಣ್ಣ ತೂತು ಮಾಡಿ ಒಳಗಿಳಿಯುತ್ತದೆ. ಬಿದಿರು, ಬಳ್ಳಿಗಳಿಗೆ ಆ ತೂತು ಮುಚ್ಚಲು ಒಂದೆರಡು ಮಳೆಗಾಲ ಸಾಕು. 2009ರ ಸೆಪ್ಟೆಂಬರ್ 2ರಂದು ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರು ನಲ್ಲಮಲ ಕಾಡಿನಲ್ಲಿ ಮರೆಯಾದಾಗ, ಹೈದರಾಬಾದಿನಿಂದ ಗಂಟೆಯೊಳಗಿನ ದೂರದಲ್ಲಿದ್ದ ಅದನ್ನು ಕಾಣಲು ಸುಮಾರು ಒಂದು ದಿನ ಬೇಕಾಯಿತು.

1972ರ ಅಕ್ಟೋಬರ್ 13ರಂದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಬಿದ್ದ ಉರುಗ್ವೆ ವಾಯುಪಡೆಯ ವಿಮಾನದ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ರಗ್ಬಿ ಆಟಗಾರ ಹುಡುಗರೂ ಅವರ ಬಂಧುಮಿತ್ರರೂ ಸೇರಿ ಒಟ್ಟು 45 ಮಂದಿ. ಎದುರುಗಾಳಿಯಿಂದ ವಿಮಾನ ನಿಧಾನವಾಗಿದ್ದರೂ, ಪರ್ವತ ದಾಟಿಯಾಯಿತೆಂದು ಚಾಲಕರು ಗಡಿಯಾರದ ಲೆಕ್ಕದ ಮೇಲೆ ನಂಬಿ ಉತ್ತರಕ್ಕೆ ತಿರುಗಿಸಿ ಮೋಡದೊಳಕ್ಕೆ ಇಳಿದರು. ಒಳಗೆ ಬೆಟ್ಟವಿತ್ತು. ರೆಕ್ಕೆ, ಬಾಲ ಕಳಚಿದ ಒಡಲು ಹಿಮದ ಮೇಲೆ ಜಾರಿ ಸುಮಾರು 3,600 ಮೀಟರ್ ಎತ್ತರದಲ್ಲಿ ನಿಂತಿತು. ಹಿಮವೂ ಬಿಳಿ, ವಿಮಾನವೂ ಬಿಳಿ. ತಲೆಯ ಮೇಲೆ ಶೋಧವಿಮಾನಗಳು ಹಾದುಹೋದವು, ಯಾರಿಗೂ ಕಾಣಲಿಲ್ಲ. ಎಂಟು ದಿನಗಳಿಗೆ ಹುಡುಕಾಟ ನಿಂತಿತು. ಕೆಲವು ದಿನಗಳ ಮೇಲೆ, ಬದುಕುಳಿದವರು ಚಿಕ್ಕ ರೇಡಿಯೋದಲ್ಲಿ ಆ ಸುದ್ದಿಯನ್ನು ಕೇಳಿದರು. ತಮ್ಮನ್ನು ಸತ್ತವರೆಂದು ತೀರ್ಮಾನಿಸಿದ್ದನ್ನು ತಾವೇ ಕೇಳಬೇಕಾಗಿ ಬಂದ ಸಂಕಟ ಅದು.

ಎರಡು ತಿಂಗಳ ನಂತರ ಅವರಲ್ಲಿ ಇಬ್ಬರು, ನಾಂದೋ ಪರಾದೋ ಮತ್ತು ರಾಬರ್ಟೋ ಕಾನೆಸ್ಸಾ, ಪಶ್ಚಿಮಕ್ಕೆ ನಡೆದು ಹೊರಟರು. ಪರ್ವತಾರೋಹಣದ ಉಡುಪಿಲ್ಲ, ಹಗ್ಗವಿಲ್ಲ, ನಕ್ಷೆಯಿಲ್ಲ. ಹತ್ತು ದಿನ ನಡೆದ ಮೇಲೆ ಉಕ್ಕಿ ಹರಿಯುವ ಹೊಳೆಯ ಆಚೆ ದಡದಲ್ಲಿ ಕುದುರೆಯ ಮೇಲಿದ್ದ ದನಗಾಹಿಯೊಬ್ಬ ಕಂಡ. ಹೆಸರು ಸೆರ್ಜಿಯೋ ಕತಲಾನ್. ನೀರಿನ ಸದ್ದಿಗೆ ಮಾತು ಕೇಳಿಸದೆ ‘ನಾಳೆ’ ಎಂದು ಕೂಗಿ ಹೋದ. ಮಾತಿನಂತೆ ಮರುದಿನ ಬಂದು, ಕಾಗದ, ಪೆನ್ಸಿಲನ್ನು ಕಲ್ಲಿಗೆ ಕಟ್ಟಿ ಆಚೆಗೆ ಎಸೆದ. ಬರೆದು ಮರಳಿ ಎಸೆದದ್ದನ್ನು ಓದಿಕೊಂಡು, ತನ್ನಲ್ಲಿದ್ದ ರೊಟ್ಟಿಯನ್ನು ಅವರತ್ತ ಎಸೆದು, ಕುದುರೆಯೇರಿ ಗಂಟೆಗಟ್ಟಲೆ ಸಾಗಿ ಪೊಲೀಸ್ ಠಾಣೆಗೆ ಸುದ್ದಿ ಮುಟ್ಟಿಸಿದ. ಹೆಲಿಕಾಪ್ಟರುಗಳು ಬಂದಾಗಲೂ ದಾರಿ ತೋರಿಸಲು ಪರಾದೋ ಅವುಗಳಲ್ಲಿ ಹತ್ತಿ ಕೂರಬೇಕಾಯಿತು. 72 ದಿನಗಳ ನಂತರ 16 ಮಂದಿ ಬದುಕಿ ಮನೆಗೆ ಬಂದರು. ವಿಮಾನಗಳಿಗೆ ಸಿಗದೆ ಹೋದವರು ಸಿಕ್ಕಿದ್ದು ಬೇಸಿಗೆಯ ಮೇವಿಗಾಗಿ ದನಗಳನ್ನು ಬೆಟ್ಟಕ್ಕೆ ಏರಿಸಿದ್ದವನಿಗೆ.

ಇದನ್ನು ದೂರದೇಶದ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. 2011ರ ಏಪ್ರಿಲ್ 30ರಂದು ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು ಅವರಿದ್ದ ಒಂದೇ ಎಂಜಿನ್ನಿನ ಹೆಲಿಕಾಪ್ಟರು ತವಾಂಗ್‌ನಿಂದ ಇಟಾನಗರಕ್ಕೆ ಹೊರಟು, ಸೇಲಾ ಕಣಿವೆಮಾರ್ಗದ ಬಳಿ ಮಾತು ನಿಲ್ಲಿಸಿತು. ಅಂದು ಸಂಜೆಯೊಳಗೆ, ಸುರಕ್ಷಿತವಾಗಿ ಇಳಿದಿದ್ದಾರೆಂಬ ಸುಳ್ಳು ಸುದ್ದಿಯೂ ಹರಡಿತು. ಸೈನಿಕರು, ಯುದ್ಧವಿಮಾನಗಳು, ಉಪಗ್ರಹಗಳು ಎಲ್ಲ ಕೆಲಸಕ್ಕೆ ನಿಂತವು. ಐದನೆಯ ದಿನ, ಮೇ 4ರಂದು, ಲುಗುಥಾಂಗ್ ಎಂಬ ಎತ್ತರದ ಹಳ್ಳಿಯ ಹತ್ತಿರ ಅವಶೇಷ ಕಂಡವರು ಸ್ಥಳೀಯರು. 2022ರಲ್ಲಿ ಮುಸ್ತಾಂಗ್‌ನ ವಿಮಾನದ ವಿಷಯದಲ್ಲಿಯೂ ಚಾಲಕನ ಮೊಬೈಲ್ ಫೋನಿನ ಜಾಡು ಒಂದು ದಿಕ್ಕು ತೋರಿತು, ಬೆಟ್ಟದ ಜನರ ಮಾತು ಅದಕ್ಕೆ ಪೂರಕವಾಯಿತು. ಮರುದಿನ ಸನೋಸ್ವಾರೆ ಎಂಬಲ್ಲಿ, ಸುಮಾರು 14,500 ಅಡಿ ಎತ್ತರದ ಕಡಿಬಂಡೆಯಲ್ಲಿ ಅದು ಸಿಕ್ಕಿತು.

ಕಾಡಿನಲ್ಲಿ ನಡೆಯುವವನು ಹೊಸದಾದ ಒಂದು ವಾಸನೆಯನ್ನು, ಹದ್ದುಗಳು ಸುತ್ತುವ ಜಾಗವನ್ನು, ನಿನ್ನೆ ಇಲ್ಲದ ಹೊಗೆಯನ್ನು ಗುರುತಿಸುತ್ತಾನೆ. ಏಕೆಂದರೆ ನಿನ್ನೆ ಏನಿತ್ತೆಂಬುದು ಅವನಿಗೆ ಗೊತ್ತು. ಉಪಗ್ರಹಕ್ಕೆ ಆ ನಿನ್ನೆಯಿಲ್ಲ. ಉಪ್ಪಾಗೆ ಆಯುವವರಿಗೆ, ಜೇನು ಕೀಳುವವರಿಗೆ, ಕಳೆದ ದನ ಹುಡುಕಿ ರಾತ್ರಿ ಕಾನಿನಿಂದ ಹೊರಬಂದ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಿಷಾದದ ಸಂಗತಿಯೆಂದರೆ, ಶೋಧ ನಡೆಯುವಾಗ ಇಂಥವರನ್ನು ಹೊರೆ ಹೊರಲು ಕರೆಯುತ್ತಾರೆ, ನಕ್ಷೆಯ ಮುಂದೆ ಕೂರಿಸುವುದಿಲ್ಲ. ಬಹುಮಾನ ಘೋಷಿಸುವುದು ತಪ್ಪಲ್ಲ. ಆದರೆ ಮೊದಲ ದಿನವೇ ಊರೂರಿಗೆ ಹೋಗಿ ‘ಸದ್ದು ಯಾವ ಕಡೆಯಿಂದ ಬಂತು, ಎಲ್ಲಿ ನಿಂತಿತು’ ಎಂದು ಕೇಳಿ ಬರೆದುಕೊಳ್ಳುವುದಕ್ಕೆ ಐದು ಲಕ್ಷ ಬೇಡ. ಬೇಸಾಯ ಬಿಟ್ಟು, ಮನೆ ಬೀಗ ಹಾಕಿ ಪೇಟೆ ಸೇರುವ ಕುಟುಂಬಗಳೊಂದಿಗೆ ಬೆಟ್ಟದ ಕಾಲುದಾರಿಗಳೂ ಮುಚ್ಚಿಹೋಗುತ್ತವೆ. ಆ ದಾರಿಗಳನ್ನು ಬಲ್ಲ ಕೊನೆಯ ತಲೆಮಾರು ಹೋದ ಮೇಲೆ ಯಾವ ಬಹುಮಾನಕ್ಕೂ ಉತ್ತರ ಕೊಡುವವರು ಇರುವುದಿಲ್ಲ.

ಊರು ಹತ್ತಿರವಿದ್ದರೆ ಏನಾಗುತ್ತದೆಂಬುದಕ್ಕೆ ಇದೇ ಸಹ್ಯಾದ್ರಿಯ ಸಾಲಿನ ನೀಲಗಿರಿಯ ನಿದರ್ಶನವಿದೆ. 2021ರ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಸೇರಿ 14 ಮಂದಿಯಿದ್ದ ಹೆಲಿಕಾಪ್ಟರು ಕೂನೂರಿನ ಬಳಿ ಮೋಡ ಹೊಕ್ಕು ಬೆಟ್ಟದ ಮರಗಳಿಗೆ ಬಡಿಯಿತು. ಅದು ಕಾಣೆಯಾಗಲಿಲ್ಲ. ಬಿದ್ದದ್ದು ನಂಜಪ್ಪಸತ್ರಂ ಎಂಬ ಕೇರಿಯ ಮಗ್ಗುಲಲ್ಲಿ. ಅಲ್ಲಿನವರು ಕೊಡದಲ್ಲಿ ನೀರು ತಂದು ಬೆಂಕಿಗೆ ಸುರಿದರು, ಮನೆಯ ಕಂಬಳಿಗಳಲ್ಲಿ ಗಾಯಾಳುಗಳನ್ನು ಹೊತ್ತರು. ಆ ದಿನ ಅಲ್ಲಿಂದ ಜೀವಂತವಾಗಿ ಆಸ್ಪತ್ರೆ ಮುಟ್ಟಿ ವಾರಕಾಲ ಹೋರಾಡಿದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಡಿಸೆಂಬರ್ 15ರಂದು ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಮೆಚುಕಾದ ಸೀಮೆಗೆ ಮತ್ತೊಮ್ಮೆ ಮರಳಿದರೆ, ಅಲ್ಲಿನ ಕಾಡುಗಳಲ್ಲಿ ಇನ್ನೂ ಹಳೆಯ ವಿಮಾನಗಳಿವೆ. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಅಸ್ಸಾಮಿನಿಂದ ಚೀನಾದ ಕುನ್ಮಿಂಗ್‌ಗೆ ಬೆಟ್ಟ ಹಾರಿ ಯುದ್ಧಸಾಮಗ್ರಿ ಸಾಗಿಸಿದ ಅಮೆರಿಕದ ವಿಮಾನಗಳಲ್ಲಿ ಸುಮಾರು 600 ಮರಳಲಿಲ್ಲ. ಅರಿಜೋನಾದ ಕ್ಲೇಟನ್ ಕೂಲ್ಸ್ ಎಂಬವರು ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿಮಾನಗಳ ಅವಶೇಷಗಳನ್ನು ಗುರುತಿಸಿದ್ದಾರೆ. ಅವರ ವಿಧಾನ ಸರಳ: ಹಳ್ಳಿಗೆ ಹೋಗಿ ಬೇಟೆಗಾರರನ್ನು ಕೇಳುವುದು, ಅವರು ನಡೆದ ದಾರಿಯಲ್ಲಿ ಹಿಂದೆ ನಡೆಯುವುದು. 1944ರ ಜನವರಿಯಲ್ಲಿ ಮರೆಯಾದ ಬಿ-24 ವಿಮಾನವೊಂದು 2006ರಲ್ಲಿ ಸಿಯಾಂಗ್ ಸೀಮೆಯ ದಮ್ರೋ ಗ್ರಾಮದ ಮೇಲಿನ ಬೆಟ್ಟದಲ್ಲಿ ಸಿಕ್ಕಿದ್ದು ಹೀಗೆ. ಅಮೆರಿಕದ ಸೇನೆಯ ಕಡತದಲ್ಲಿ ಅದು 62 ವರ್ಷ ‘ಕಾಣೆ’ಯಾಗಿತ್ತು. ಬೆಟ್ಟದ ಬೇಟೆಗಾರರಿಗೆ ಅದು ಎಂದೂ ಕಾಣೆಯಾಗಿರಲಿಲ್ಲ. ಕೇಳಲು ಯಾರೂ ಬಂದಿರಲಿಲ್ಲ ಅಷ್ಟೆ.

ಕಾಡಿನಂತೆ ಹಿಮಕ್ಕೂ ತನ್ನದೇ ಲೆಕ್ಕವಿದೆ. 1968ರ ಫೆಬ್ರುವರಿ 7ರಂದು 102 ಮಂದಿಯನ್ನು ಹೊತ್ತು ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ಎಎನ್-12, ಹವಾಮಾನ ಕೆಟ್ಟಿತೆಂದು ಹಿಂತಿರುಗುವಾಗ ರೋಹತಾಂಗ್ ಬಳಿ ಮರೆಯಾಯಿತು. ಸಣ್ಣ ವಿಮಾನವಲ್ಲ ಅದು. ಆದರೂ 35 ವರ್ಷ ಸುಳಿವಿರಲಿಲ್ಲ. 2003ರಲ್ಲಿ ಹಿಮಾಚಲದ ಚಂದ್ರಭಾಗಾ ಶಿಖರಗಳ ಕಡೆ ಹೋದ ಪರ್ವತಾರೋಹಿಗಳಿಗೆ ಢಾಕಾ ಹಿಮನದಿಯಲ್ಲಿ ಅದರ ತುಣುಕುಗಳು ಕಂಡವು. 2018ರಲ್ಲಿ ಅದೇ ಶಿಖರದ ಬುಡದಲ್ಲಿ, ಹಿಂದಿನವರು ಬಿಟ್ಟುಹೋದ ಕಸವನ್ನು ಹೆಕ್ಕಿ ತರಲು ಹೋದ ತಂಡವೊಂದಕ್ಕೆ ಸೈನಿಕನೊಬ್ಬನ ದೇಹದ ಅವಶೇಷ ಸಿಕ್ಕಿತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಸೇನೆಯ ತಂಡ ಇನ್ನೂ ನಾಲ್ವರನ್ನು ಕೆಳಗೆ ತಂದಿತು. ಮೈಮೇಲೆ ಉಳಿದಿದ್ದ ಕಾಗದಪತ್ರಗಳಿಂದ ಅವರಲ್ಲಿ ಕೆಲವರ ಹೆಸರು ತಿಳಿಯಿತು. 56 ವರ್ಷಗಳ ಮೇಲೆ ಅವರ ಊರುಗಳಲ್ಲಿ ಅಂತ್ಯಕ್ರಿಯೆ ನಡೆಯಿತು.